ಚೀಲ ತಗೊಂಡು ಹೋಗಿ: ದೇವರಾಜ ಮಾರ್ಕೆಟ್ ಮತ್ತು ಎರಡು ಗಡಿಯಾರಗಳ ನಡುವಿನ ಮೈಸೂರು

ದೇವರಾಜ ಮಾರ್ಕೆಟ್ ಬಗ್ಗೆ ಜನ ಬರೆದಿರೋ ರಿವ್ಯೂ ಓದಿದರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ಕುಂಕುಮದ ರಾಶಿಯ ಫೋಟೋ ಹಾಕಿ, ಬಣ್ಣ ಚೆನ್ನಾಗಿದೆ, ಜಾಗ ಗಲೀಜು ಅಂತ ಎರಡು ಸಾಲು ಬರೆದು, ಮೂರು ಸ್ಟಾರ್ ಕೊಟ್ಟು ಹೋಗಿರುತ್ತಾರೆ. ಅವರಲ್ಲಿ ಒಂದು ಕಟ್ಟು ಎಲೆ ಕೊಂಡವರಿಲ್ಲ, ಒಂದು ಮೊಳ ಹೂವು ಕೊಂಡವರಿಲ್ಲ. ಮಾರ್ಕೆಟ್ ಅಂದರೆ ಕೊಳ್ಳೋ ಜಾಗ ಅಲ್ವಾ? ಏನೂ ಕೊಳ್ಳದೆ ಅದು ಹೇಗಿದೆ ಅಂತ ಗೊತ್ತಾಗೋದು ಹೇಗೆ? ನಾನು ಹುಟ್ಟಿ ಬೆಳೆದದ್ದು ಚಾಮರಾಜಪುರಂನಲ್ಲಿ. ಚಿಕ್ಕವಳಿದ್ದಾಗ ಅಜ್ಜಿಯ ಸೆರಗು ಹಿಡಿದು ಈ ಮಾರ್ಕೆಟ್‌ಗೆ ಹೋಗುತ್ತಿದ್ದೆ. ಈಗಲೂ ಹದಿನೈದು ದಿನಕ್ಕೊಂದು ಸಲ ಚೀಲ ಹಿಡಿದು ಹೋಗುತ್ತೇನೆ. ಹಾಗಾಗಿ ಇದು ಗಿರಾಕಿಯೊಬ್ಬಳ ರಿವ್ಯೂ. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತಲೂ ಹೇಳುತ್ತೇನೆ.

ಕಳೆದ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ನಮ್ಮ ಸೋದರತ್ತೆ ಮಂಡ್ಯದಿಂದ ಬೆಳಗಿನ ಟ್ರೈನ್‌ನಲ್ಲಿ ಬಂದರು. ಮಂಡ್ಯದಲ್ಲೂ ಪೇಟೆ ಇದೆ, ಅಲ್ಲೂ ಎಲ್ಲಾ ಸಿಗುತ್ತದೆ. ಆದರೆ ಬಾಗಿನದ ಸಾಮಾನು ಮಾತ್ರ ಅವರಿಗೆ ಇಲ್ಲಿಂದಲೇ ಆಗಬೇಕು, ಮದುವೆಯಾದಾಗಿನಿಂದ ಹಾಗೇ. ಏಳು ಗಂಟೆಗೆ ಮಾರ್ಕೆಟ್ ಮುಂದಿನ ಗಡಿಯಾರದ ಗೋಪುರ, ನಮ್ಮ ಬಾಯಲ್ಲಿ ಚಿಕ್ಕ ಗಡಿಯಾರ, ಅದರ ಹತ್ತಿರ ಸಿಕ್ಕೆವು. ಕೈಯಲ್ಲಿ ಎರಡು ಖಾಲಿ ಚೀಲ, ಒಂದು ಬಟ್ಟೆಯದು, ಒಂದು ವೈರ್‌ನದು. "ಬಾರವ್ವ, ಬಿಸಿಲು ಏರೋಕೆ ಮುಂಚೆ ಹೂವ ಮುಗಿಸ್ಕೊಳ್ಳಣ" ಅಂದವರೇ ಮುಂದೆ ಮುಂದೆ ಹೊರಟರು.

ಒಳಗೆ ಹೋಗೋ ಮುಂಚೆ ಈ ಜಾಗದ ಕಥೆ ಹೇಳಬೇಕು, ಯಾಕೆಂದರೆ ಅದು ಗೊತ್ತಿಲ್ಲದಿದ್ದರೆ ಇದು ಬರೀ ಹಳೇ ಕಟ್ಟಡದ ಹಾಗೆ ಕಾಣುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿತ್ತು. ಅವರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು, ರಾಜಧಾನಿ ಮತ್ತೆ ಮೈಸೂರಿಗೆ ಬಂತು. ದಿವಾನ್ ಪೂರ್ಣಯ್ಯನವರು ಊರಿಗೆ ಕಾವೇರಿ ನೀರು ತರಬೇಕು ಅಂತ ನಾಲೆ ತೋಡಿಸಲು ಹೊರಟರು. ಅವರು ಅಂದುಕೊಂಡ ಹಾಗೆ ನೀರು ಬರಲಿಲ್ಲ. ಆ ನಾಲೆಯ ಜಾಡಿನ ಮೇಲೇ ಇವತ್ತಿನ ಸಯ್ಯಾಜಿರಾವ್ ರಸ್ತೆ ಇದೆ. ದಸರೆಯಲ್ಲಿ ಅಂಬಾರಿ ಹೊತ್ತ ಆನೆ ಬನ್ನಿಮಂಟಪಕ್ಕೆ ಹೋಗುವುದೂ ಇದೇ ರಸ್ತೆಯಲ್ಲಿ, ಮಾರ್ಕೆಟ್‌ನ ಗೋಡೆ ಪಕ್ಕದಲ್ಲೇ.

1831ರಲ್ಲಿ ಇಂಗ್ಲಿಷರು ಆಡಳಿತವನ್ನೇ ಕಿತ್ತುಕೊಂಡರು. ಕಚೇರಿಗಳೆಲ್ಲ ಬೆಂಗಳೂರಿಗೆ ಹೋದವು. ಐವತ್ತು ವರ್ಷ ಮೈಸೂರು ಹೆಸರಿಗಷ್ಟೇ ರಾಜಧಾನಿ. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಬಂತಲ್ಲ, ಆಮೇಲೆ ನೋಡಿ ಊರು ಬದಲಾದದ್ದು. ರಾಜ್ಯ ವಾಪಸ್ ಬಂದ ಮೇಲಿನ ಮೊದಲ ದಿವಾನ ರಂಗಾಚಾರ್ಲು ತೀರಿಕೊಂಡ ಮೇಲೆ ಅವರ ನೆನಪಿಗೆ 1884ರಲ್ಲಿ ಟೌನ್ ಹಾಲ್ ಆಯಿತು. 1886ರಲ್ಲಿ ವೈಸ್‌ರಾಯ್ ಡಫರಿನ್ ಬಂದ ನೆನಪಿಗೆ ಗಡಿಯಾರದ ಗೋಪುರ ಆಯಿತು. ಸಂತೆ ನಡೆಯುತ್ತಿದ್ದ ಜಾಗದಲ್ಲಿ ಕಲ್ಲು, ಗಾರೆಯ ಮಾರ್ಕೆಟ್ ಎದ್ದಿತು. 1892ರಲ್ಲಿ ಇನ್ನೊಬ್ಬ ವೈಸ್‌ರಾಯ್ ಬಂದರು, ಅವರ ಹೆಸರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಕೊಡೋಕೆ ಕರ್ಜನ್ ಬಂದರು, ಈಗ ಕರ್ಜನ್ ಪಾರ್ಕ್ ಇದೆ. ಹಾರ್ಡಿಂಜ್ ಹೆಸರಲ್ಲಿ ಸರ್ಕಲ್, ಇರ್ವಿನ್ ಹೆಸರಲ್ಲಿ ರಸ್ತೆ. ಅರ್ಧ ಗಂಟೆ ನಡೆದರೆ ಐದು ಜನ ವೈಸ್‌ರಾಯ್‌ಗಳ ಹೆಸರು ಸಿಗುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ!

ಇದನ್ನು ನೋಡಿ ಕೆಲವರು, ಇಂಗ್ಲಿಷರು ನಮಗೆ ಎಷ್ಟು ಚೆನ್ನಾಗಿ ಊರು ಕಟ್ಟಿಕೊಟ್ಟರು ಅಂತ ಬರೆಯುತ್ತಾರೆ. ನಾನು ಒಪ್ಪಲ್ಲ. 1799ರ ಒಪ್ಪಂದದ ಪ್ರಕಾರ ಮೈಸೂರೇ ವರ್ಷ ವರ್ಷ ಅವರಿಗೆ 24.5 ಲಕ್ಷ ರೂಪಾಯಿ ಕಪ್ಪ ಕಟ್ಟಬೇಕಿತ್ತು, 1896ರಿಂದ ಅದು 35 ಲಕ್ಷಕ್ಕೆ ಏರಿತು. ಅಷ್ಟು ಕೊಟ್ಟ ಮೇಲೆ ಉಳಿದ ದುಡ್ಡಿನಲ್ಲಿ ಈ ಊರು ಕಟ್ಟಿಕೊಂಡದ್ದು. ಹೆಸರು ಅವರದ್ದು, ಬೆವರು ನಮ್ಮ ರೈತರದ್ದು. ಮತ್ತೆ ಜನ ಏನು ಮಾಡಿದರು ಗೊತ್ತಾ? ಡಫರಿನ್ ಅನ್ನೋ ಹೆಸರನ್ನು ಬಾಯಿಗೇ ತರಲಿಲ್ಲ. ನಮ್ಮಜ್ಜಿಗೆ ಆ ಗೋಪುರ ಕೊನೆವರೆಗೂ ಚಿಕ್ಕ ಗಡಿಯಾರ. ಟೌನ್ ಹಾಲ್ ಮುಂದೆ 75 ಅಡಿ ಎತ್ತರಕ್ಕೆ ನಿಂತಿರೋದು ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ, ಅರಮನೆಯ ನೌಕರರು ದುಡ್ಡು ಹಾಕಿ ಕಟ್ಟಿಸಿದ್ದು. ಅದರಲ್ಲಿ ಗಂಟೆಗಳ ಅಂಕಿ ಕನ್ನಡದಲ್ಲಿದೆ. ಮುಂದಿನ ಸಲ ಸಿಟಿ ಬಸ್‌ಗೆ ಕಾಯುವಾಗ ಒಂಚೂರು ಆ ಕಡೆ ನಡೆದು ತಲೆ ಎತ್ತಿ ನೋಡಿ.

ಸರಿ, ಮಾರ್ಕೆಟ್ ಒಳಗೆ ಬರೋಣ.

ಹೂವಿನ ಸಾಲಿಗೆ ಬೆಳಗ್ಗೆ ಎಂಟರೊಳಗೆ ಹೋಗಬೇಕು. ಮೈಸೂರು ಮಲ್ಲಿಗೆ ಮೊಗ್ಗಾಗಿರುವಾಗಲೇ ಕೊಳ್ಳಬೇಕು, ಹಸಿರು ತೊಟ್ಟು, ಬಿಳೀ ತುದಿ, ಮುಟ್ಟಿದರೆ ತಣ್ಣಗಿರಬೇಕು. ಅರಳಿದ್ದು ಸಂಜೆಗೆ ಬಾಡುತ್ತದೆ. ಇಲ್ಲಿ ಹೂವು ಅಳೆಯುವುದು ಮೊಳದಲ್ಲಿ, ಮಾರಿನಲ್ಲಿ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ. ಮಾರು ಅಂದರೆ ಎರಡೂ ಕೈ ಚಾಚಿದಷ್ಟು. ಅಳತೆ ಮಾರುವವನ ಮೈಯಲ್ಲೇ ಇದೆ, ಹಾಗಾಗಿ ಎತ್ತರದ ಆಳಿನ ಹತ್ತಿರ ಕೊಂಡರೆ ಲಾಭ, ಇದು ಅಜ್ಜಿ ಹೇಳಿಕೊಟ್ಟ ಪಾಠ. ಆ ದಿನ ಹೂವಿನವರು ಒಂದು ಮಾರು ಕಟ್ಟಿದ ಮಲ್ಲಿಗೆಗೆ ನೂರಿಪ್ಪತ್ತು ಅಂದರು. ಹಬ್ಬದ ರೇಟು. ಅತ್ತೆ ಸುಮ್ಮನೆ ನಿಂತು ಅವರು ಅಳೆಯುವುದನ್ನೇ ನೋಡುತ್ತಿದ್ದರು.

"ಅಲ್ಲ ಕಣಪ್ಪ, ಹೋದ ವರ್ಷ ಇದೇ ಕೈ ಉದ್ದ ಇತ್ತಲ್ಲ, ಈ ವರ್ಷ ಯಾಕೆ ಮಡಚ್ಕೊಂಡದೆ?"

ಹೂವಿನವರು ನಕ್ಕುಬಿಟ್ಟರು. "ತಗಳಿ ಅಕ್ಕಾ, ನೀವೇ ಅಳ್ಕಳಿ" ಅಂತ ದಂಡೆಯ ತುದಿ ಅತ್ತೆ ಕೈಗೇ ಕೊಟ್ಟರು. ಅತ್ತೆ ಚೀಲ ನನಗೆ ಕೊಟ್ಟು, ಎರಡೂ ಕೈ ಚಾಚಿ, ಹೂವನ್ನು ಎದೆಗೆ ಅಡ್ಡ ಹಿಡಿದು ಅಳೆದರು. ಅವರು ಗಿಡ್ಡ. ಅವರ ಮಾರು ಹೂವಿನವರ ಮಾರಿಗಿಂತ ಒಂದು ಗೇಣು ಕಮ್ಮಿಯೇ ಬಂತು. ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡರು. ಹೂವಿನವರು ಏನೂ ಮಾತಾಡದೆ ತಮ್ಮ ಕೈಯಲ್ಲೇ ಇನ್ನೊಂದು ಸಲ ಅಳೆದು, ಮೇಲೆ ಅರ್ಧ ಮೊಳ ಬಿಟ್ಟು ಕತ್ತರಿಸಿ, ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿ ಕೊಟ್ಟರು. ಕಟ್ಟೋ ಮುಂಚೆ ಎಲೆಯ ಒಳಗೆ ನಾಲ್ಕು ಹನಿ ನೀರು ಚಿಮುಕಿಸಿದರು. ನೂರಿಪ್ಪತ್ತಕ್ಕೆ ಒಂದು ರೂಪಾಯಿಯೂ ಕಮ್ಮಿ ಮಾಡಲಿಲ್ಲ, ಅತ್ತೆ ಕೇಳಲೂ ಇಲ್ಲ. ಹತ್ತು ನಿಮಿಷಕ್ಕೆ ಮನೆಗೇ ಸಾಮಾನು ತರೋ ಆ್ಯಪ್‌ಗಳಲ್ಲಿ ನಾನೂ ಹೂವು ತರಿಸಿದ್ದೇನೆ, ಸುಳ್ಳು ಹೇಳಲ್ಲ. ಗ್ರಾಂ ಲೆಕ್ಕದಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವೆತುಕೊಂಡು ಬಂತು. ಎರಡಕ್ಕೂ ಹೋಲಿಕೆಯೇ ಇಲ್ಲ.

ಎಲೆ ಅಂಗಡಿಗಳ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಮೈಸೂರಿಗೆ ಬಂದವರು ಇದನ್ನು ನೋಡದೆ ಹೋಗುತ್ತಾರೆ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಮೂರಕ್ಕೂ ಜಿಐ ಮಾನ್ಯತೆ ಇದೆ, ಅಂದರೆ ಇದು ಈ ಊರಿನದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು. ಮೈಸೂರು ಎಲೆ ನೋಡೋಕೆ ಚಿಕ್ಕದು, ಹೃದಯದ ಆಕಾರ, ತೆಳು, ಮೈ ನುಣುಪು. ಬಾಯಿಗೆ ಹಾಕಿದರೆ ಖಾರ ಹತ್ತಲ್ಲ, ಸುಮ್ನೆ ಕರಗುತ್ತದೆ. ಒಂದು ಕಟ್ಟಿಗೆ ನೂರು ಎಲೆ. ಅಂಗಡಿಯವರು ಎಲೆ ಎಣಿಸೋದು ನೋಡಬೇಕು, ಹೆಬ್ಬೆರಳಿನಲ್ಲಿ ತೊಟ್ಟು ತಳ್ಳುತ್ತಾ, ನಮ್ಮ ಜೊತೆ ಮಾತಾಡುತ್ತಲೇ ಎಣಿಸುತ್ತಾರೆ, ಲೆಕ್ಕ ತಪ್ಪಲ್ಲ. ಅತ್ತೆ ಒಂದು ಎಲೆ ಎತ್ತಿ, ಮಡಿಸಿ, ಮುರಿದ ಸದ್ದು ಕೇಳಿಸಿಕೊಂಡರು. ಬೆಳಗ್ಗೆ ಕಿತ್ತ ಎಲೆ ಪಟ್ ಅನ್ನುತ್ತದೆ, ಹಳೇದು ಸದ್ದೇ ಇಲ್ಲದೆ ಬಗ್ಗುತ್ತದೆ. ಈ ಎಲೆಯ ತೋಟಗಳು ಒಂದು ಕಾಲದಲ್ಲಿ ಅಗ್ರಹಾರ, ವಿದ್ಯಾರಣ್ಯಪುರಂ ಕಡೆಯಿಂದ ನಂಜನಗೂಡು ರಸ್ತೆಯ ಉದ್ದಕ್ಕೂ ಇದ್ದವು. ಈಗ ತೋಟದ ಜಾಗದಲ್ಲಿ ಮನೆ, ಕಲ್ಯಾಣ ಮಂಟಪ. ಉಳಿದಿರೋದು ಕಮ್ಮಿ. ಹಾಗಾಗಿ ಎಲೆ ಕೊಳ್ಳುವಾಗ ಮೈಸೂರು ಎಲೆಯೇನಾ ಅಂತ ಬಾಯಿ ಬಿಟ್ಟು ಕೇಳಿ. ಬೇರೆ ಊರಿನ ಎಲೆಯೂ ಪಕ್ಕದಲ್ಲೇ ಇರುತ್ತದೆ, ಕೇಳಿದರೆ ಅವರೇ ಸರಿಯಾಗಿ ಹೇಳುತ್ತಾರೆ.

ರಸಬಾಳೆಯದ್ದೂ ಇದೇ ಕಥೆ. ಸೊರಗು ರೋಗ ಬಂದು ನಂಜನಗೂಡು ಕಡೆ ಬೆಳೆಯುವವರೇ ಕಮ್ಮಿಯಾದರು. ರಸಬಾಳೆ ಅಂತ ಕೂಗಿ ಮಾರುವುದೆಲ್ಲ ನಂಜನಗೂಡಿನದ್ದಲ್ಲ. ನಿಜವಾದದ್ದು ಚೆನ್ನಾಗಿ ಹಣ್ಣಾದಾಗ ಸಿಪ್ಪೆ ತೆಳ್ಳಗಾಗಿ ಕಪ್ಪು ಚುಕ್ಕೆ ಬೀಳುತ್ತದೆ, ನೋಡಿದವರು ಕೊಳೆತಿದೆ ಅಂದುಕೊಳ್ಳಬೇಕು, ಒಳಗೆ ಬೆಣ್ಣೆ. ನಮಗೆ ಆ ದಿನ ಸಿಗಲಿಲ್ಲ. ಹಣ್ಣಿನವರು "ಇವತ್ತು ಅಸಲಿ ಬಂದಿಲ್ಲ ತಾಯಿ, ಪುಟ್ಟಬಾಳೆ ತಗೊಂಡೋಗಿ" ಅಂದರು. ಹೀಗೆ ಇಲ್ಲ ಅಂತ ಹೇಳಿ ಕಳಿಸೋ ಅಂಗಡಿಗೆ ನಾನು ಇನ್ನೊಂದು ಸಲ ಹೋಗೇ ಹೋಗುತ್ತೇನೆ.

ತರಕಾರಿಯಲ್ಲಿ ಒಂದೇ ಮಾತು: ಈರನಗೆರೆ ಬದನೆ. ತಿಳಿ ಹಸಿರು ಬಣ್ಣ, ಕಹಿ ಇಲ್ಲ. ವಾಂಗಿಬಾತ್‌ಗೆ ಬೇರೆ ಬದನೆ ಹಾಕಿದರೆ ನಮ್ಮ ಮನೆಯಲ್ಲಿ ಯಾರೂ ಒಪ್ಪಲ್ಲ. ಈರನಗೆರೆ ಈಗ ಊರ ನಡುವಿನ ಬಡಾವಣೆ, ಅಲ್ಲಿ ಬದನೆ ಬೆಳೆಯಲ್ಲ, ಹೆಸರು ಮಾತ್ರ ಕಾಯಿಗೆ ಅಂಟಿಕೊಂಡಿದೆ.

ಬಾಗಿನದ ಸಾಮಾನಿಗೆ ಗ್ರಂಧಿಗೆ ಅಂಗಡಿ. ಮೊರ, ಬಳೆ, ಬಿಚ್ಚೋಲೆ, ಕರಿಮಣಿ, ಅರಿಶಿನದ ಕೊಂಬು, ಗೌರಿ ದಾರ. ಅತ್ತೆ ಎಷ್ಟು ಬಾಗಿನ ಅಂತ ಹೇಳಿದ್ದು ಅಷ್ಟೇ. ಅಂಗಡಿಯವರು ಚೀಟಿ ಬರೆಯದೆ, ನೆನಪಿನಲ್ಲೇ ಒಂದೊಂದಾಗಿ ತೆಗೆದಿಟ್ಟರು. ನಾನು ಗೂಗಲ್‌ನಲ್ಲಿ ಪಟ್ಟಿ ತೆಗೆದು ತಾಳೆ ನೋಡಿದೆ, ನನ್ನ ಪಟ್ಟಿಯಲ್ಲಿ ಇಲ್ಲದ್ದು ಎರಡು ಅವರ ಬುಟ್ಟಿಯಲ್ಲಿತ್ತು.

ಹೊರಗೆ ಬಂದ ಮೇಲೆ ಸಯ್ಯಾಜಿರಾವ್ ರಸ್ತೆ ಕಡೆಯ ಗುರು ಸ್ವೀಟ್ ಮಾರ್ಟ್. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಮನೆತನದ್ದು, ಮೈಸೂರ್ ಪಾಕ್ ಅಂದರೆ ಇವರ ಹೆಸರೇ ಮೊದಲು ಬರುತ್ತದೆ. ಅಂಗಡಿ ಚಿಕ್ಕದು, ಕೂತು ತಿನ್ನೋ ಜಾಗ ಇಲ್ಲ. ಬಿಸಿ ಇರುವಾಗ ಒಂದು ತುಂಡು ಅಲ್ಲೇ ನಿಂತು ತಿನ್ನಿ. ತುಪ್ಪ ಬೆರಳಿಗೆ ಅಂಟುತ್ತದೆ. ಮನೆಗೆ ಒಯ್ದು ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ.

ಈಗ ಆ ಕಡಿಮೆ ಮಾಡಿದ ಒಂದು ಸ್ಟಾರ್.

ಹೆಂಗಸರು ಮರ್ಯಾದೆಯಾಗಿ ಬಳಸೋ ಹಾಗಿರೋ ಶೌಚಾಲಯ ನನಗೆ ಹತ್ತಿರದಲ್ಲಿ ಒಂದೂ ಸಿಕ್ಕಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಇಲ್ಲೇ ಕೂತು ಸೊಪ್ಪು, ಹೂವು ಮಾರೋ ಹೆಂಗಸರು ಏನು ಮಾಡಬೇಕು? ಮಳೆ ಬಂದರೆ ಕೆಲವು ಸಾಲಿನಲ್ಲಿ ಮೇಲಿಂದ ಸೋರುತ್ತದೆ, ಕೆಳಗೆ ಕೆಸರು. ಕೊಳೆತ ತರಕಾರಿಯ ರಾಶಿಯನ್ನು ಮಧ್ಯಾಹ್ನದವರೆಗೂ ಎತ್ತಿರಲ್ಲ. ಪಾರ್ಕಿಂಗ್ ಮರೆತುಬಿಡಿ. ಮತ್ತೆ ಒಂದು ಸಲ ನಾನೇ ಮೋಸ ಹೋದೆ. ಬೆಂಗಳೂರಿನ ಗೆಳತಿಗೆ ಕೊಡೋಣ ಅಂತ ಶುದ್ಧ ಶ್ರೀಗಂಧದ ಎಣ್ಣೆ ಅಂದದ್ದನ್ನು ನಂಬಿ ಒಂದು ಪುಟ್ಟ ಸೀಸೆ ಕೊಂಡೆ. ಒಂದೇ ವಾರಕ್ಕೆ ಅದರಲ್ಲಿ ಸಾಬೂನಿನ ವಾಸನೆ ಬಂತು. ಪ್ರವಾಸಿಗಳನ್ನು ಕೈ ಹಿಡಿದು ಎಳೆದು ಅಂಗೈಗೆ ಎಣ್ಣೆ ಸವರುವವರ ಹತ್ತಿರ ಏನೂ ಕೊಳ್ಳಬೇಡಿ. ಗಂಧದ ಎಣ್ಣೆ ಬೇಕಿದ್ದರೆ ಸರ್ಕಾರಿ ಮಳಿಗೆಗೆ ಹೋಗಿ.

ಆದರೆ ಇವೆಲ್ಲಕ್ಕಿಂತ ನನಗೆ ಹೊಟ್ಟೆ ಉರಿಯೋದು ಕಟ್ಟಡದ ಸ್ಥಿತಿ ನೋಡಿ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾವು ಕಾಲೇಜಿನಲ್ಲಿದ್ದಾಗ ಅಲ್ಲಿಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಪುಸ್ತಕ ಕೊಂಡು, ಪರೀಕ್ಷೆ ಮುಗಿದ ಮೇಲೆ ಅಲ್ಲೇ ಮಾರಿ ಬರುತ್ತಿದ್ದೆವು. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ದೇವರಾಜ ಮಾರ್ಕೆಟ್‌ನ ಬಾಗಿಲು ಕುಸಿಯಿತು. ಅಲ್ಲಿಂದ ಈಚೆಗೆ ಒಂದೇ ಜಗಳ. ಕೆಡವಿ ಹೊಸದು ಕಟ್ಟಬೇಕೋ, ಇರೋದನ್ನೇ ಗಟ್ಟಿ ಮಾಡಬೇಕೋ. ಅದು ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಮಾರ್ಕೆಟ್‌ನವರ ಭಯ ನನಗೆ ಅರ್ಥವಾಗುತ್ತದೆ, ತಲೆ ಮೇಲೆ ಬೀಳೋ ಸೂರಿನ ಕೆಳಗೆ ಯಾರು ವ್ಯಾಪಾರ ಮಾಡುತ್ತಾರೆ? ಆದರೂ ನಾನು ರಿಪೇರಿಯ ಪಕ್ಷ. ಈ ಗೋಡೆಗಳು ಸುಣ್ಣದ ಗಾರೆಯವು. ಗಾರೆ ತೇವ ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತದೆ. ಹಳೇ ಕಟ್ಟಡಗಳಿಗೆ ನಾವು ಮಾಡಿರೋ ದೊಡ್ಡ ತಪ್ಪೇ ಇದು. ಜೊತೆಗೆ ಷಟರ್ ಕೂರಿಸೋಕೆ ಗೋಡೆ ಒಡೆಯೋದು, ಮೇಲೆ ಅಟ್ಟ ಕಟ್ಟಿ ಮೂಟೆ ಹೇರೋದು. ಕಟ್ಟಡ ತಾನಾಗಿ ಬೀಳಲಿಲ್ಲ, ವರ್ಷಗಟ್ಟಲೆ ನಾವು ಬೀಳಿಸಿದೆವು.

ಹೂವಿನವರನ್ನು ಅತ್ತೆ ಇದನ್ನೇ ಕೇಳಿದರು, ದುಡ್ಡು ಕೊಡುವಾಗ. "ಇದ ಕೆಡವುದ್ರೆ ಎಲ್ಲಿ ಕೂತ್ಕತೀಯಪ್ಪ?"

"ಎಲ್ಲಿ ಕೂತ್ಕಳಿ ಅಂತಾರೋ ಅಲ್ಲಿ ಅಕ್ಕಾ. ನೀವು ಮಂಡ್ಯದಿಂದ ಬಂದು ಎಲ್ಲಿ ಅಂತ ಹುಡುಕ್ತೀರಿ, ಅದೇ ಯೋಚ್ನೆ ನಂಗೆ."

ಅತ್ತೆ ಅವರ ಫೋನ್ ನಂಬರ್ ಕೇಳಿ, ನನ್ನ ಕೈಯಲ್ಲಿ ತಮ್ಮ ಮೊಬೈಲ್‌ಗೆ ಹಾಕಿಸಿಕೊಂಡರು. ಹೆಸರು ಏನಂತ ಹಾಕಲಿ ಅಂದೆ. ಹೂವು ಚಿಕ್ಕಗಡಿಯಾರ ಅಂತ ಹಾಕು ಅಂದರು.

ಹೋಗುವವರಿಗೆ ಒಂದೆರಡು ಮಾತು. ಚಿಲ್ಲರೆ ಇಟ್ಟುಕೊಳ್ಳಿ, ಫೋನ್‌ನಲ್ಲಿ ದುಡ್ಡು ಕಳಿಸೋದು ಹೆಚ್ಚಿನ ಕಡೆ ನಡೆಯುತ್ತದೆ, ಆದರೆ ದಪ್ಪ ಗೋಡೆಗಳ ಮಧ್ಯೆ ನನ್ನ ಸಿಗ್ನಲ್ ಎಷ್ಟೋ ಸಲ ಕೈಕೊಟ್ಟಿದೆ. ಚಪ್ಪಲಿ ಜಾರದೇ ಇರುವಂಥದ್ದು ಹಾಕಿಕೊಳ್ಳಿ. ಆಯುಧಪೂಜೆಯ ಹಿಂದಿನ ದಿನ ಬೂದುಕುಂಬಳ, ಬಾಳೆಕಂದು, ಸೇವಂತಿಗೆ ಕೊಳ್ಳೋ ಜನ ರಸ್ತೆವರೆಗೂ ನಿಂತಿರುತ್ತಾರೆ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಫೋಟೋ ತೆಗೆಯೋ ಮುಂಚೆ ಕೇಳಿ, ಕೇಳಿ ತೆಗೆದ ಮೇಲೆ ಅವರ ಹತ್ತಿರ ಹತ್ತು ರೂಪಾಯಿಯದ್ದಾದರೂ ಏನಾದರೂ ಕೊಳ್ಳಿ. ಡಿಸೆಂಬರ್ ಬಂದರೆ ಅವರೆಕಾಯಿ ಮೂಟೆ ಮೂಟೆ ಬರುತ್ತದೆ. ಸೊಗಡು ಇರೋದು ಬೇಕಿದ್ದರೆ ಕಾಯಿ ಮೂಸಿ ನೋಡಿ ಕೊಳ್ಳಿ, ಅಂಟಂಟಾದ ಎಣ್ಣೆ ಬೆರಳಿಗೆ ಹತ್ತಬೇಕು.